ಬರೀ ನಾಲ್ಕು ವೋಲ್ಟು

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 8

ಚಹಾ ಆಯಿತು. ಸಿಗರೇಟು ಇಲ್ಲ. ಸಿಗರೇಟಿಲ್ಲದ ಚಹಾ ಬರೀ ಬಿಸಿನೀರು.

ಟ್ರಾಮ್ ಶೆಡ್ಡಿನ ಹಳೆಯ ರಿಜಿಸ್ಟರಿನಲ್ಲೇ ಬರೆಯುತ್ತಿದ್ದೇನೆ. ಅರ್ಧ ಖಾಲಿ ಇತ್ತು, ನಿವೃತ್ತಿಯ ದಿನ ಎತ್ತಿಕೊಂಡು ಬಂದಿದ್ದೆ. ದೋಷ, ಕಾರಣ, ಮಾಡಿದ ಕೆಲಸ. ಮೂವತ್ತೆಂಟು ವರ್ಷ ಮೋಟಾರುಗಳ ಕಾಯಿಲೆ ಬರೆದೆ. ಶೆಡ್ಡಿನ ಮೊದಲ ಪಾಠ: ಕರೆಂಟು ಹೋದರೆ ಮೊದಲು ನಿಮಿಷ ಬರೆ, ಆಮೇಲೆ ಏಣಿ ಹತ್ತು. ಆ ಚಟವೂ ಹೋಗಿಲ್ಲ.

ದೋಷ: ದಿನಕ್ಕೆ ನಲವತ್ತು ಸಿಗರೇಟು. ಕಾರಣ: ಸಬ್ರಿ ಎಂಬ ಎಲೆಕ್ಟ್ರಿಷಿಯನ್, ನಾನೇ. ಮಾಡಿದ ಕೆಲಸ: ಮಿಕ್ಕ ಪ್ಯಾಕೆಟ್ಟನ್ನು ಬಕೆಟ್ಟಿನ ನೀರಿಗೆ ಅದ್ದಿ ಎಸೆದೆ.

ಹೆಂಡತಿ ಅವಾತಿಫ್‌ಳ ಶ್ವಾಸಕೋಶ ಕೆಟ್ಟಿದೆ. ಇನ್ನು ಸಾಯುವವರೆಗೆ ಮೂಗಿಗೆ ನಳಿಗೆ, ಪಕ್ಕದಲ್ಲಿ ಆಕ್ಸಿಜನ್. ಆಸ್ಪತ್ರೆಯಿಂದ ಮಗಳು ರಬಾಬ್ ನೇರವಾಗಿ ತಂತಾ ಊರಿಗೆ, ತನ್ನ ಮನೆಗೆ ಕರೆದುಕೊಂಡು ಹೋದಳು. ನಿನ್ನೆ ಫೋನಿನಲ್ಲಿ ತೀರ್ಪು ಬಂತು.

"ಬಾಬಾ, ಆಕ್ಸಿಜನ್ ಇರೋ ಕಡೆ ಒಂದು ಕಿಡಿ ಬಿದ್ರೂ ಅಮ್ಮ ಸುಟ್ಟುಹೋಗ್ತಾಳೆ. ನಲವತ್ತು ದಿನ ಒಂದೂ ಸೇದದೇ ಇರು. ಆಮೇಲೆ ಅಲೆಕ್ಸಾಂಡ್ರಿಯಾಗೆ, ನಿನ್ನ ಮನೆಗೆ ಕರ್ಕೊಂಡು ಬರ್ತೀನಿ."

"ನಲವತ್ತು ಯಾಕೆ? ಹತ್ತು ಸಾಲದಾ?"

"ನಿನ್ನ ಹತ್ತು ದಿನಗಳನ್ನ ನಾನು ಹುಟ್ಟಿದಾಗಿಂದ ನೋಡ್ತಿದೀನಿ."

ಹಿಂದಿನಿಂದ ಅವಾತಿಫ್ ಕೆಮ್ಮುವುದು ಕೇಳಿಸಿತು. ಸರಿ ಎಂದೆ.

ಅಕ್ಟೋಬರ್ 15

ಕೈ ನಡುಗುತ್ತಿದೆ. ಬಾಕೋಸ್ ಮಾರುಕಟ್ಟೆಯ ಹಿಂದೆ ಒಂದು ವೇಪ್ ಅಂಗಡಿ ಇದೆ, ಅಲ್ಲಿಗೆ ಹೋದೆ. ಬೆಂಕಿ ಇಲ್ಲ, ಬೂದಿ ಇಲ್ಲ, ಬ್ಯಾಟರಿಯಿಂದ ಕಾಯಿಲ್ ಬಿಸಿಯಾಗಿ ಹಬೆ ಬರುತ್ತದಂತೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಅಂಗಡಿಯವನ ಹೆಸರು ಬಿಶೊಯ್. ಮೂವತ್ತೈದರವನು, ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆ. ನನ್ನ ಕಸುಬು ಕೇಳಿ "ಉಸ್ತಾ" ಎಂದು ಕರೆದ. ಶೆಡ್ಡಿನಲ್ಲಿ ಮೇಸ್ತ್ರಿಗಳನ್ನು ಹಾಗೇ ಕರೆಯುತ್ತಿದ್ದುದು. ಐದು ವರ್ಷದ ಮೇಲೆ ಕೇಳಿ ಎದೆ ಉಬ್ಬಿತು.

ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮುಂದಿಟ್ಟ. "ಹೊಸಬರಿಗೆ ಇದೇ ಸರಿ. ಒಂದು ಪಾಯಿಂಟ್ ಎರಡು ಓಮ್ ಕಾಯಿಲ್. ಒಳಗೆ ಸರ್ಕ್ಯೂಟ್ ಇದೆ, ಎಡವಟ್ಟಾದ್ರೆ ತಾನೇ ಆಫ್ ಆಗುತ್ತೆ."

ಕಪಾಟಿನಲ್ಲಿ ಹಿತ್ತಾಳೆಯ ಕೊಳವೆ ಕಂಡಿತು. ಬ್ಯಾಟರಿ, ಸ್ವಿಚ್ಚು, ಕಾಯಿಲ್. ಬೇರೇನೂ ಇಲ್ಲ. ಅದು ಕೊಡು ಎಂದೆ.

"ಅದು ಬೇಡ ಉಸ್ತಾ. ಅದರಲ್ಲಿ ತಡೆಯೋರು ಯಾರೂ ಇಲ್ಲ. ಹೊಸಬರಿಗೆ ನಾನು ಮಾರಲ್ಲ."

"ಹೊಸಬ? ಆರುನೂರು ವೋಲ್ಟಿನ ತಂತಿ ಕೆಳಗೆ ಮೂವತ್ತೆಂಟು ವರ್ಷ ದುಡಿದಿದೀನಿ. ಇದು ಬರೀ ನಾಲ್ಕು ವೋಲ್ಟು!"

"ನಾಲ್ಕೇ. ಆದ್ರೆ ನಿಮ್ಮ ತಂತಿ ಜೇಬಲ್ಲಿ ಇರ್ತಿರಲಿಲ್ವಲ್ಲ."

ಏನೂ ಕೊಳ್ಳದೆ ಎದ್ದು ಬಂದೆ.

ಅಕ್ಟೋಬರ್ 17, ಶುಕ್ರವಾರ

ಶುಕ್ರವಾರದ ಸಂತೆಯಲ್ಲಿ ಸಿಕ್ಕಿತು, ಅಂಥದೇ ಕೊಳವೆ. ಎರಡು ಬ್ಯಾಟರಿ, ಮೈಮೇಲೆ ದೊಡ್ಡಕ್ಷರದಲ್ಲಿ '40 ಆಂಪ್'. ಕಾಯಿಲ್ 1.8 ಓಮ್. ಪ್ರತಿರೋಧ ಹೆಚ್ಚಿದ್ದಷ್ಟೂ ಕರೆಂಟು ಕಡಿಮೆ — 4.2 ಭಾಗಿಸು 1.8, ಎರಡೂಕಾಲು ಆಂಪಿನ ಮೇಲೆ ಚೂರು. ಹಾಲು ಕುಡಿಯುವ ಮಗುವೂ ಸೇದಬಹುದು. ಬಿಶೊಯ್‌ಗೆ ತೋರಿಸಬೇಕು.

ಅಕ್ಟೋಬರ್ 18

ಮಗುವೇ ಸೇದಬೇಕು. ಏನೂ ಬರುವುದಿಲ್ಲ. ಹುಲ್ಲಿನ ಕಡ್ಡಿ ಚೀಪಿದ ಹಾಗೆ. ಹೊಗೆಯಿಲ್ಲ, ಗಂಟಲಿಗೆ ಏಟಿಲ್ಲ. ಮಧ್ಯಾಹ್ನ ಕಟ್ಟಡದ ಕಾವಲುಗಾರನ ಹತ್ತಿರ ಒಂದು ಸಿಗರೇಟು ಕೇಳಿದೆ. ಆಮೇಲೆ ಇನ್ನೆರಡು. ಮೆಟ್ಟಿಲ ಮೇಲೇ ಕುಳಿತು ಸೇದಿದೆ. ಸೇದುತ್ತಾ ಅತ್ತೆ. ಅರವತ್ತೈದು ವರ್ಷದವನು.

ಸಂಜೆ ರಬಾಬ್ ಫೋನ್. "ಎಷ್ಟನೇ ದಿನ ಬಾಬಾ?"

"ಐದು," ಎಂದೆ.

"ನಿಜವಾಗ್ಲೂ?"

"ನಿಮ್ಮಮ್ಮನ ಆಣೆ."

ಯಾಕೆ ಅವಳ ಆಣೆಯೇ ಬಾಯಿಗೆ ಬಂತು? ಬೇರೆ ಏನೂ ಇರಲಿಲ್ಲವೇ?

ಅಕ್ಟೋಬರ್ 21

ನಿಜದ ಲೆಕ್ಕ: 19ರಿಂದ. ಇಂದಿಗೆ ಮೂರು. ಮಗಳಿಂದ ಐದು ದಿನ ಕದ್ದಿದ್ದೇನೆ.

ಕಾಯಿಲ್ ಬದಲಾಯಿಸಿದೆ. ಪ್ರತಿರೋಧ ಇಳಿಸಿದರೆ ಕರೆಂಟು ಏರುತ್ತದೆ, ಇಷ್ಟು ತಿಳಿಯದವನೇನಲ್ಲ. 0.2 ಓಮ್. ಇಪ್ಪತ್ತೊಂದು ಆಂಪ್. ಬ್ಯಾಟರಿ ನಲವತ್ತು ತಡೆಯುತ್ತದೆ, ಅರ್ಧ ಉಳಿತಾಯ. ಗುಂಡಿ ಒತ್ತಿದೆ.

ಅಬ್ಬಾ! ಕೋಣೆಯಲ್ಲಿ ಗೋಡೆಯೇ ಕಾಣಲಿಲ್ಲ. ಎದೆಗೆ ಒದ್ದ ಹಾಗಾಯಿತು. ಎರಡನೆಯ ದಮ್ಮಿಗೆ ತಲೆ ಗಿರ್ರೆಂದಿತು, ನಾಲ್ಕನೆಯದಕ್ಕೆ ಬಚ್ಚಲಿಗೆ ಓಡಿ ಬೆಳಿಗ್ಗೆ ತಿಂದ ಫೂಲ್ ಕಾಳೆಲ್ಲ ಕಾರಿದೆ. ಆದರೆ ಸಿಗರೇಟು ನೆನಪಾಗಲಿಲ್ಲ. ಇಡೀ ದಿನ.

ಅಕ್ಟೋಬರ್ 22

ಸೋತು ಬಿಶೊಯ್ ಹತ್ತಿರ ಹೋದೆ. ಕೇಳಿದವನೇ ನಕ್ಕ. "ಇಷ್ಟು ದೊಡ್ಡ ಹೊಗೆಗೆ ಇಷ್ಟು ಖಾರದ ನಿಕೋಟಿನ್ ರಸ ಹಾಕ್ಕೊಂಡ್ರಾ! ಒಲೆ ದೊಡ್ಡದಾದ್ರೆ ಖಾರ ಕಮ್ಮಿ ಇರ್ಬೇಕು ಉಸ್ತಾ." ಆಮೇಲೆ ಬ್ಯಾಟರಿ ನೋಡಿದ. ನಗು ನಿಂತಿತು. ತೂಗಿ ನೋಡಿ, ಹೊದಿಕೆಯ ತುದಿ ಉಗುರಿನಿಂದ ಬಿಡಿಸಿದ. ಒಳಗೆ ಇನ್ನೊಂದು ಹೊದಿಕೆ, ಹಳೆಯದು, ಬೇರೆ ಬಣ್ಣ.

"ಹಳೇ ಲ್ಯಾಪ್‌ಟಾಪಿಂದ ಕಿತ್ತಿರೋದು. ಐದು ಆಂಪ್ ಕೊಟ್ರೆ ದೊಡ್ಡದು. ನೀವು ಇಪ್ಪತ್ತೊಂದು ಎಳೀತಿದೀರಿ. ಈ ಗಾತ್ರದಲ್ಲಿ ನಲವತ್ತು ಅಂತ ಬರೆದಿದ್ರೆ ಸುಳ್ಳು ಅಂತ್ಲೇ ಅರ್ಥ."

"ನಾಲ್ಕು ವೋಲ್ಟಿಗೆ ಇಷ್ಟು ಭಾಷಣವಾ?"

"ವೋಲ್ಟ್ ಹೊಡೆಯುತ್ತೆ, ಆಂಪ್ ಸುಡುತ್ತೆ. ಇದನ್ನ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಶೆಡ್ಡಿನ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಮಾತು. ಊರಿಗೆಲ್ಲ ಬುದ್ಧಿ ಹೇಳಿ ತಾನು ಬದನೆಕಾಯಿ ತಿಂದ ಕಥೆ. ಆದರೂ ಬ್ಯಾಟರಿ ಕಿತ್ತುಕೊಂಡು ಬಂದೆ. ಬದಲಾಯಿಸಿದರೆ ಮತ್ತೆ ಸಿಗರೇಟಿಗೆ ಬೀಳುತ್ತೇನೇನೋ ಎಂಬ ಹೆದರಿಕೆ.

ಅಕ್ಟೋಬರ್ 29

ಎಡಗೈಯಲ್ಲಿ ರಿಜಿಸ್ಟರ್ ಹಿಡಿದು ನಿಂತೇ ಬರೆಯುತ್ತಿದ್ದೇನೆ. ಕೂರಲಾಗುತ್ತಿಲ್ಲ.

ಸೋಮವಾರ ಬೆಳಿಗ್ಗೆ ಮೀನು ತರಲು ಹೊರಟೆ. ಎರಡನೆಯ ಬ್ಯಾಟರಿ ಪ್ಯಾಂಟಿನ ಜೇಬಿನಲ್ಲಿತ್ತು. ಹೊದಿಕೆ ಹರಿದಿದ್ದೂ ಗೊತ್ತಿತ್ತು. ಅದೇ ಜೇಬಿಗೆ ಮನೆಯ ಬೀಗದ ಕೈ ಹಾಕಿದೆ, ಲೋಹ ತಗುಲಿ ಶಾರ್ಟ್ ಆಗುತ್ತದೆಂದು ಹೊಳೆಯಲಿಲ್ಲ. ಮೆಟ್ಟಿಲಿಳಿಯುವಾಗ ತೊಡೆ ಬೆಚ್ಚಗಾಯಿತು. ಏನೆಂದು ಯೋಚಿಸುವಷ್ಟರಲ್ಲಿ ಕುಕ್ಕರಿನ ಸೀಟಿಯಂಥ ಸದ್ದು, ಬಿಳಿ ಹೊಗೆ. ಪ್ಯಾಂಟು ಕಳಚಿ ಎಸೆದೆ. ನೆರೆಯವರೆಲ್ಲ ಬಾಗಿಲು ತೆಗೆದು ನೋಡಿದರು. ಚಡ್ಡಿಯಲ್ಲಿ ನಿಂತಿದ್ದೆ.

ತೊಡೆ ಅಂಗೈ ಅಗಲ ಸುಟ್ಟಿದೆ. ಮುಲಾಮು ಹಚ್ಚಿದ್ದೇನೆ. ರಬಾಬ್‌ಗೆ ತಿಳಿದರೆ ಅವಾತಿಫ್ ಈ ಮನೆಗೆ ಬರುವುದೇ ಇಲ್ಲ.

ಹೆದರಿಕೆಯಾಗುತ್ತಿದೆ. ತೊಡೆಯ ಬಗ್ಗೆ ಅಲ್ಲ. ಇದೇ ಅವಳ ಹಾಸಿಗೆಯ ಪಕ್ಕದಲ್ಲಿ ಆಗಿದ್ದರೆ...

ನವೆಂಬರ್ 5

ಬಿಶೊಯ್ ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು. ಪ್ಲಾಸ್ಟಿಕ್ ಡಬ್ಬಿಯನ್ನೇ ಕೊಟ್ಟ. 1.2 ಓಮ್, ಮೂರೂವರೆ ಆಂಪ್. ಅಸಲಿ ಬ್ಯಾಟರಿ, ಹೆಚ್ಚುವರಿಯದಕ್ಕೆ ಮುಚ್ಚಳದ ಪೆಟ್ಟಿಗೆ, ಮಾವಿನ ವಾಸನೆಯ ರಸ. ಸಿಗರೇಟಿನ ಹಾಗೇ ಬಾಯಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಸಾಕಾಗುತ್ತದೆ. ಮೊದಲ ದಿನವೇ ಸಾಕಾಗುತ್ತಿತ್ತು.

ನವೆಂಬರ್ 7, ಶುಕ್ರವಾರ

ತಂತಾಕ್ಕೆ ಹೋಗಿದ್ದೆ. ಬಾಗಿಲಲ್ಲೇ ರಬಾಬ್ ಶರ್ಟು ಮೂಸಿದಳು. ಪಾಸಾದೆ. ಕುಂಟುವುದೇಕೆ ಎಂದಳು, ಸಂಧಿವಾತ ಎಂದೆ.

ಅವಾತಿಫ್ ಇಳಿದು ಹೋಗಿದ್ದಾಳೆ. ದಿಂಬಿನ ಮೇಲೆ ಅವಳ ಮುಖವನ್ನು ಹುಡುಕಬೇಕಾಯಿತು. ನನ್ನ ಕುತ್ತಿಗೆ ಹತ್ತಿರ ಮೂಗು ತಂದಳು.

"ಏ ಸಬ್ರಿ, ಮಾವಿನಹಣ್ಣಿನ ವಾಸನೆ ಬರ್ತಿದೆ. ಯಾವಳ ಮನೆಗೆ ಹೋಗಿದ್ದೆ?"

"ಬಾಕೋಸ್‌ನಲ್ಲಿ ಒಬ್ಬಳಿದಾಳೆ. ಒಂದು ಪಾಯಿಂಟ್ ಎರಡು ಓಮ್."

ನಕ್ಕಳು. ನಗು ಕೆಮ್ಮಾಯಿತು. ರಬಾಬ್ ನನ್ನನ್ನು ಹೊರಗೆ ಕಳಿಸಿದಳು. ಬಾಗಿಲು ಮುಚ್ಚುವ ಮೊದಲು ಅವಾತಿಫ್ ಹೇಳಿದ್ದು ಕೇಳಿಸಿತು: "ನನ್ನ ಮನೆಗೆ ಕರ್ಕೊಂಡ್ ಹೋಗೋ..."

ನವೆಂಬರ್ 24

ಮಗಳ ಲೆಕ್ಕದಲ್ಲಿ ನಲವತ್ತು ಮುಗಿದಿದೆ. ನಾಡಿದ್ದು ಕರೆತರುತ್ತಾಳೆ!

ಹಾಸಿಗೆಯನ್ನು ಬಾಲ್ಕನಿಯ ಗಾಜಿನ ಬಾಗಿಲ ಪಕ್ಕಕ್ಕೆ ಎಳೆದೆ. ಅವಳಿಗೆ ಕಡಲಿನ ಚೂರು ಕಾಣಬೇಕು. ಆಕ್ಸಿಜನ್ ಯಂತ್ರ ಕೂರಿಸುವವನು ಬಂದ. ಯಂತ್ರ ಮನೆಯ ಕರೆಂಟಿನ ಮೇಲೆ ಓಡುತ್ತದೆ. ಕರೆಂಟು ಹೋದರೆ ಪಕ್ಕದ ಸಿಲಿಂಡರಿನ ತಿರುಪು ತಿರುಗಿಸಬೇಕು, ನಳಿಗೆ ಬದಲಾಯಿಸಬೇಕು.

"ಅವರ ಕೈಗೆ ಅಷ್ಟು ಬಲ ಇರಲ್ಲ. ಯಾರಾದ್ರೂ ಯಾವಾಗ್ಲೂ ಕೋಣೇಲೇ ಇರ್ಬೇಕು," ಎಂದ. ನಾನೇ ಇರುತ್ತೇನೆ ಎಂದೆ.

"ಒಲೆ, ಊದುಬತ್ತಿ, ಸಿಗರೇಟು ಹತ್ರ ಸುಳೀಬಾರ್ದು." ನನ್ನ ಕೈ ನೋಡಿದ. "ಅದೂನೂ."

"ಇದರಲ್ಲಿ ಬೆಂಕಿ ಇಲ್ಲ."

"ಒಳಗೆ ಕೆಂಪಗೆ ಕಾಯೋದು ಏನು ಮತ್ತೆ? ಇಂಥದ್ರಿಂದ ಮುಖ ಸುಟ್ಕೊಂಡೋರಿದಾರೆ. ಕೋಣೆ ಒಳಗೆ ಅದು ಬೇಡ, ಬ್ಯಾಟರಿಯೂ ಬೇಡ."

ಅವನು ಹೋದ ಮೇಲೆ ವೇಪನ್ನೂ ಬ್ಯಾಟರಿಯನ್ನೂ ಬಾಲ್ಕನಿಗೆ ಸಾಗಿಸಿದೆ. ಎಲ್ಲ ಕಲಿತೆ. ಓಮ್ ಕಲಿತೆ, ಆಂಪ್ ಕಲಿತೆ, ಸುಟ್ಟುಕೊಂಡು ಕಲಿತೆ. ಬಾಗಿಲ ಹೊರಗೇ ಉಳಿದೆ.

ನವೆಂಬರ್ 26

ಬಂದಳು. ಇಬ್ಬರು ಕುರ್ಚಿಯಲ್ಲಿ ಎತ್ತಿ ತಂದರು. ಗೋಡೆ ಮುಟ್ಟಿದಳು, ಪರದೆ ಮುಟ್ಟಿದಳು. ಸಂಜೆ ರಬಾಬ್ ಹೊರಟಳು. "ಬಾಬಾ, ನೀನು ಗೆಲ್ತೀಯ ಅಂದ್ಕೊಂಡಿರಲಿಲ್ಲ," ಎಂದು ನನ್ನ ಕೈಗೆ ಮುತ್ತಿಟ್ಟಳು. ಕದ್ದ ಐದು ದಿನದ ಮಾತೆತ್ತದೆ ಅವಳ ಚೀಲವನ್ನು ಕೆಳಗಿನವರೆಗೆ ಹೊತ್ತೆ.

ನವೆಂಬರ್ 29

ವೇಪ್, ಬ್ಯಾಟರಿ, ರಿಜಿಸ್ಟರ್, ಎಲ್ಲ ಬಾಲ್ಕನಿಯಲ್ಲಿ. ನಾನೂ. ಎರಡು ದಮ್ಮು ಎಂದು ಬರುತ್ತೇನೆ, ಅರ್ಧ ಗಂಟೆ ಆಗಿರುತ್ತದೆ. ಅವಳೊಂದು ಉಪಾಯ ಕಂಡುಕೊಂಡಿದ್ದಾಳೆ, ಉಂಗುರದಿಂದ ಗಾಜು ಬಡಿಯುತ್ತಾಳೆ. ನಮ್ಮ ಟ್ರಾಮ್ ಗಂಟೆಯ ಲೆಕ್ಕ. ಒಂದು ಸಲ: ಅಲ್ಲೇ ನಿಲ್ಲು. ಎರಡು ಸಲ: ಹೊರಡು, ಬಾ. ನಲವತ್ತೊಂದು ವರ್ಷ ಟ್ರಾಮಿನವನ ಜೊತೆ ಬಾಳಿದವಳು.

ಡಿಸೆಂಬರ್ 2

ನಿನ್ನೆ ನಡೆದದ್ದನ್ನು ನಿನ್ನೆಯೇ ಬರೆಯಲಾಗಲಿಲ್ಲ.

ಬೆಳಿಗ್ಗೆ ಅವಳಿಗೆ ಚಹಾ ಕುಡಿಸುತ್ತಿದ್ದೆ. ಕೈ ನಡುಗಿ ತಟ್ಟೆಗೆ ಚೆಲ್ಲಿತು. ಕಣ್ಣು ಬಾಲ್ಕನಿ ಕಡೆಗೇ ಇತ್ತು. ಅವಳು ನೋಡಿದಳು.

"ಹೋಗು, ಹೋಗಿ ಬಾ."

"ಬೇಡ, ಆಮೇಲೆ."

"ಸಿಗರೇಟು ಇದ್ದಾಗ ಪಕ್ಕದಲ್ಲೇ ಕೂತು ಸೇದ್ತಿದ್ದೆ ಸಬ್ರಿ. ಈಗ ಸಿಗರೇಟೂ ಇಲ್ಲ, ನೀನೂ ಇಲ್ಲ."

"ನಿನಗೋಸ್ಕರ ತಾನೇ ಬಿಟ್ಟಿದ್ದು? ನಲವತ್ತು ದಿನ—"

"ನಾನು ಕೇಳಿದ್ನಾ? ನಾನು ಕೇಳಿದ್ದು ಮನೆ. ನನ್ನ ಹತ್ರ ಎಷ್ಟು ನಲವತ್ತು ದಿನ ಉಳಿದಿದೆ ಅಂದ್ಕೊಂಡಿದೀಯ?"

ಸಿಟ್ಟಿರಲಿಲ್ಲ ಅವಳಿಗೆ. ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದಳು. ನಾನು ಎದ್ದು ಬಾಲ್ಕನಿಗೇ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆ ಮಾತು ಕೇಳಿಯೂ ಅಲ್ಲಿಗೇ ಬಂದೆ.

ಡಿಸೆಂಬರ್ 4, ಗುರುವಾರ. ಮಧ್ಯಾಹ್ನ 3.20

ಕಾಸಿಮ್ ಬಿರುಗಾಳಿ. ಪ್ರತಿ ವರ್ಷ ಹೇಳಿದ ದಿನಕ್ಕೇ ಬರುತ್ತದೆ. ಕಡಲು ರಸ್ತೆ ದಾಟಿದೆಯಂತೆ. ಬಾಲ್ಕನಿಯ ಮೂಲೆಯಲ್ಲಿ ಒದ್ದೆಯಾಗಿ ಕೂತಿದ್ದೇನೆ. ಗಾಜಿನಾಚೆ ಯಂತ್ರದ ಗೊರಗೊರ ಸದ್ದು, ಅವಳ ಬೆನ್ನು.

ಇವತ್ತೇ ಕೊನೆ. ನಿಶ್ಚಯ ಮಾಡಿದ್ದೇನೆ. ಎಲ್ಲವನ್ನೂ ನಾಳೆ ಬಿಶೊಯ್‌ಗೆ ವಾಪಸ್. ನಡುಗುವ ಕೈ ಅವಳ ಕೈಯಲ್ಲೇ ನಡುಗಲಿ. ಪಕ್ಕದಲ್ಲಿ ಕೂತು ಬೆವರುತ್ತೇನೆ, ಅವಳು ಬೈಯಲಿ, ಏನಾದರೂ ಆಗಲಿ. ಆ ಐದು ದಿನದ ಸುಳ್ಳನ್ನೂ ಅವಳಿಗೆ ಹೇಳಿಬಿಡುತ್ತೇನೆ. ನಗುತ್ತಾಳೆ.

ಉಂಗುರ ಬಡಿದಳು. ಎರಡು ಸಲ. "ಬಂದೆ!" ಎಂದು ಕೂಗಿದೆ. ಇದೊಂದು ದಮ್ಮು ಮುಗಿಸಿ...

3.26. ಕರೆಂಟು ಹೋಯಿತು. ಯಂತ್ರದ ಸದ್ದಿಲ್ಲ. ಗಾಜು ಬಡಿದಳು. ಒಂದು. ಎರಡನೆಯದು ಇನ್ನೂ ಬಂದಿಲ್ಲ