ಆಂಟಿ ತಿದ್ದಿದ ರಿಪೋರ್ಟ್

ಖಾದರ್ ಅಂಕಲ್‌ಗೆ ನಿಮ್ಮ ಲ್ಯಾಬಿನ ಸುಧಾಳ ಸಲಾಂ.

ಪ್ಲಿಮತ್‌ನ ಕಾರ್ ಪಾರ್ಟ್ಸ್ ಟೆಸ್ಟಿಂಗ್ ಆಫೀಸಿನಲ್ಲಿ ನಾನು ಬರೆದ ಮೊದಲ ರಿಪೋರ್ಟ್ ನೆನಪಿದೆಯಾ? ಕಾರಿನ ಬಾಗಿಲಿನ ಲ್ಯಾಚ್ ಎರಡು ದಿನ ಸರಿಯಾಗಿ ಹಿಡಿದಿತ್ತು. ಕೊನೆಯ ಸಾಲಿನಲ್ಲಿ ‘ರಿಲಯಬಲ್’ ಎಂದು ಬರೆದಿದ್ದೆ. ನೀವು ಆ ಪದವನ್ನು ಹೊಡೆದು ಹಾಕಿ, ಹುಬ್ಬಳ್ಳಿ ಧಾಟಿಯಲ್ಲೇ ಹೇಳಿದಿರಿ: “ಎರಡ್ ದಿನಕ್ಕ ‘ವರ್ಕಿಂಗ್’ ಅಂತ ಬರಿಯವಾ. ಕೋಲ್ಡ್ ಚೇಂಬರ್‌ನ್ಯಾಗ ಪೂರ್ತಿ ಟೆಸ್ಟ್ ಮುಗದ ಮ್ಯಾಲೂ ಕೈ ಕೊಡಲಿಲ್ಲಂದ್ರ, ಆವಾಗ ‘ರಿಲಯಬಲ್’.” ಪೂರ್ತಿ ಟೆಸ್ಟ್ ಎಂದರೆ ಆ ಮೈನಸ್ ಚಳಿಯ ಕೋಣೆಯಲ್ಲಿ ಮೂರು ವಾರ. ಅದರಲ್ಲಿ ನೀವು ಒಂದು ದಿನವನ್ನೂ ಕಡಿಮೆ ಮಾಡಿದವರಲ್ಲ.

ರಿಸೆಷನ್ ಬಂದ ಚಳಿಗಾಲದಲ್ಲಿ ಮ್ಯಾನೇಜರ್ ನನ್ನನ್ನು ಕರೆದ. ಲ್ಯಾಬಿಗೆ ಇನ್ನು ಒಬ್ಬರೇ ಸಾಕು ಎಂದ. ಖಾದರ್ ಕೆಲಸ ಹೇಗಿದೆ ಎಂದು ನಿಮ್ಮ ಬಗ್ಗೆ ಕೇಳಿದ. ಆಬರ್ನ್ ಹಿಲ್ಸ್‌ನ ಕಾರ್ ಕಂಪನಿಯಲ್ಲಿದ್ದ ನಮ್ಮ ಯಜಮಾನರ ಕೆಲಸ ಆಗಲೇ ಹೋಗಿತ್ತು. “ಈಚೆಗೆ ತುಂಬಾ ಸ್ಲೋ” ಎಂದುಬಿಟ್ಟೆ. ನೀವು ಯಾಕೆ ನಿಧಾನ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವನ ಮೇಲೆ ಹೇಸೋಣವೆಂದರೆ ಅವನು ಬರೀ ಕೇಳಿದ್ದ. ಥೂ, ಹೇಳಿದವಳು ನಾನು.

ನಿಮಗೆ ಲೇಆಫ್ ಆದ ವಾರವೇ ನೀವು ಬಂದು ರೆಫರೆನ್ಸ್ ಲೆಟರ್ ಕೇಳಿದಿರಿ. ಅದೂ ನನ್ನನ್ನೇ! ಒಂದೇ ಪುಟದಲ್ಲಿ ಮೂರು ಸಲ ‘ರಿಲಯಬಲ್’ ಎಂದು ಬರೆದುಕೊಟ್ಟೆ. “ಒಮ್ಮೆ ಸಾಕವಾ, ಮೂರ್ ಸಲ ಬರದ್ರ ಓದಾವ್ರಿಗೆ ಡೌಟ್ ಬರತದ” ಎಂದು ನಕ್ಕಿರಿ. ಆ ನಗು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ. ಅವತ್ತೇ ಹೇಳಿಬಿಟ್ಟಿದ್ದರೆ...

ಬೇರೆ ಕೆಲಸ ಸಿಗುವ ಮೊದಲೇ ನಿಮಗೆ ಹಾರ್ಟ್ ಅಟ್ಯಾಕ್ ಆಯಿತು. ನಿಮ್ಮನ್ನು ದಫನ್ ಮಾಡಿ ಮಣ್ಣು ಕೊಟ್ಟ ದಿನ ಆಂಟಿ ನನ್ನ ಕೈ ಹಿಡಿದುಕೊಂಡು, “ಏನರೇ ಆದ್ರ ಸುಧಾಗ ಫೋನ್ ಮಾಡು, ಆಕಿ ರಿಲಯಬಲ್ ಅದಾಳ ಅಂತಿದ್ರವಾ” ಎಂದರು. ಮನುಷ್ಯರಿಗೆ ನೀವು ಆ ಪದ ಬಳಸಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಟೆಸ್ಟ್ ಮಾಡದೆ ಹೇಗೆ ಹೇಳಿದಿರಿ, ಅಂಕಲ್?

ಕಳೆದ ಶನಿವಾರ ಆಂಟಿಯನ್ನು ಎಲ್ಕ್ ಗ್ರೋವ್ ವಿಲೇಜ್‌ನಲ್ಲಿರುವ ಮಗಳ ಮನೆಗೆ ಬಿಡಲು ನಾನೇ ಡ್ರೈವ್ ಮಾಡಿದೆ. ದಾರಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಅಳಲಿಲ್ಲ, ಬೈಯಲಿಲ್ಲ. “ಎಕ್ಸಿಟ್ ಬಂತು, ನೋಡು” ಎಂದರು, ಅಷ್ಟೆ. ಮನೆ ಮುಂದೆ ಇಳಿದು ಮಗಳ ಕೈಗೆ ಫೋನ್ ಕೊಟ್ಟರು. “ಸುಧಾನ ನಂಬರ್ ತಗದ್ಬಿಡವಾ.”

ನನ್ನ ಕಣ್ಣೆದುರೇ ಡಿಲೀಟ್ ಮಾಡಿದಳು. ನೀವು ಕೊಟ್ಟ ಒಂದೇ ಒಂದು ತಪ್ಪು ರಿಪೋರ್ಟನ್ನು ಆಂಟಿ ತಿದ್ದಿದ್ದಾರೆ, ಅಂಕಲ್.