ಸೌಮ್ಯಾಳ ಅಂಡಿಗೆ ಆಟ

ಹುಬ್ಬಳ್ಳಿ,
೧೮ ಜನವರಿ ೨೦೨೫

ಪ್ರೀತಿಯ ತಮ್ಮ ಶಂಭುಲಿಂಗನಿಗೆ ಅಕ್ಕನ ಆಶೀರ್ವಾದ.

ಆರೋಗ್ಯವಾಗಿದ್ದೀಯಲ್ಲ? ಗುಂಟೂರಿನ ಖಾರ ನಿನ್ನ ಹೊಟ್ಟೆಗೆ ಆಗುವುದಿಲ್ಲ, ಮಜ್ಜಿಗೆ ಬಿಡಬೇಡ. ಹತ್ತಿ ಖರೀದಿ ಮುಗಿಯುವ ತನಕ ನೀನು ಊರಿಗೆ ಬರುವವನಲ್ಲ ಎಂದು ನಮ್ಮ ಲಾರಿಯ ಅಮೀನಸಾಬನ ಕೈಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಸಂಕ್ರಮಣದ ಕುಸರೆಳ್ಳು ಕಳಿಸಿದ್ದೇನೆ. ಕುಸರೆಳ್ಳು ತಿಂದವರು ಸಿಹಿ ಮಾತಾಡಬೇಕಂತೆ. ನಾನು ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ ಬರೆಯಲು ಕುಳಿತಿದ್ದೇನೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತಿ, ಸಾಕಾದರೆ ಕಟ್ ಮಾಡುತ್ತಿ. ಕಾಗದವನ್ನಾದರೂ ಪೂರ್ತಿ ಓದು.

ಹೆತ್ತ ಮಗಳನ್ನು ಕಳ್ಳಿ ಎನ್ನಲು ನಿನಗೆ ನಾಲಿಗೆ ಹೇಗೆ ಬಂತೋ? "ಕಳವಿನ ಮಾಲು ನನ್ನ ಮನ್ಯಾಗ ಬ್ಯಾಡ. ಆ ಆಟ ತಗದ ಹಾಕು, ಕಂಪನಿಯವರಿಗೆ ತಪ್ಪಾತಂತ ಬರದ ಕಳಸು" ಎಂದು ನೀನು ಫೋನಿನಲ್ಲಿ ಅವಳಿಗೆ ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ಸಂಬಂಧಿಕರ ಗ್ರೂಪಿನಲ್ಲಿ ಯಾರೋ "ಶಂಭಣ್ಣನ ಮಗಳು ಆಟಾ ಕದ್ದಾಳಂತ" ಎಂದು ಹಾಕಿದರು, ನೀನು ನಂಬಿದೆ. ಹತ್ತಿ ಕೊಳ್ಳುವಾಗ ಒತ್ತಿ ತುಂಬಿದ ಅಂಡಿಗೆಯೊಳಗೆ ಮೊಣಕೈ ತನಕ ಕೈ ಹಾಕಿ, ಎಳೆ ಎಳೆದು ನೋಡುವ ನೀನು, ಮಗಳನ್ನು ಒಂದು ಮಾತು ಕೇಳಲಿಲ್ಲ.

ನಡೆದದ್ದು ಇಷ್ಟು. ಮೊಬೈಲ್ ಆಟಗಳಿಗೆ ಟೆಂಪ್ಲೇಟ್ ಎಂದು ಸಿಗುತ್ತದೆ, ಅರ್ಧ ಕಟ್ಟಿದ ಚೌಕಟ್ಟು. ಸೌಮ್ಯಾ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ದೀಪಾವಳಿ ಪಾಡ್ಯದ ದಿನ, ಅಂಗಡಿಯಲ್ಲಿ ನೀನು ವರ್ಷದ ಮೊದಲ ಖರೀದಿ ಮಾಡಿದ ಹೊತ್ತಿಗೇ, ಅಂಥದೊಂದನ್ನು ಕೊಂಡಳು. ಅದರಲ್ಲಿದ್ದದ್ದು ಒಂದರ ಮೇಲೊಂದು ಕೂಡುವ ಬಣ್ಣದ ಡಬ್ಬಿಗಳು, ಅಷ್ಟೇ. ಡಬ್ಬಿಯ ಜಾಗದಲ್ಲಿ ನಮ್ಮ ಹತ್ತಿ ಅಂಡಿಗೆ, ಹಿಂದೆ ಅಮರಗೋಳದ ಮಾರ್ಕೆಟ್ಟು, ಕೆಳಗೆ ಲಾರಿ, ಎಲ್ಲ ಅವಳೇ ಬರೆದ ಚಿತ್ರ. ಅಂಡಿಗೆ ಉರುಳಿದರೆ ಅಮೀನಸಾಬನ ದನಿ: "ಏ, ಯಾರ್ಲೇ ಅಂವಾ ಒಟ್ಟಿದಾಂವ? ನಿಮ್ಮಪ್ಪ ಬಂದು ಎತ್ತತಾನೇನು?" ನಾನೂ ಆಡಿದ್ದೇನೆ. ಬೈಸಿಕೊಳ್ಳಲೆಂದೇ ಜನ ಬೇಕಂತಲೇ ಬೀಳಿಸುತ್ತಾರೆ.

ಈಗ ಎಲ್ಲಿಯದೋ ಒಂದು ಕಂಪನಿ, ಅದೇ ಚೌಕಟ್ಟು ಕೊಂಡು ಅದೇ ಡಬ್ಬಿಗಳನ್ನು ಹಾಗೇ ಮಾರಾಟಕ್ಕಿಟ್ಟವರು, ಇವಳು ನಮ್ಮದನ್ನು ಕದ್ದಳು ಎಂದು ದೂರು ಕೊಟ್ಟಿದ್ದಾರೆ. ಆಟಗಳನ್ನು ಹಂಚುವ ಸ್ಟೋರಿನವರು ದೂರು ಕೊಟ್ಟವರನ್ನು ಏನೂ ಕೇಳಲಿಲ್ಲ, ಇವಳ ಆಟವನ್ನು ತಡೆಹಿಡಿದು ದಾಖಲೆ ತಾ ಎಂದರು. ದೊಡ್ಡವರ ಕೂಗಿಗೆ ಸಣ್ಣವರ ಅಂಗಡಿ ಮುಚ್ಚಿಸುವ ಈ ನ್ಯಾಯ ಎಲ್ಲಿಯದು? ಟೆಂಪ್ಲೇಟಿನ ಪರವಾನಿಗೆಯನ್ನು ನಾನು ಕನ್ನಡಕ ಒರೆಸಿಕೊಂಡು ಸಾಲು ಸಾಲಾಗಿ ಓದಿದ್ದೇನೆ. ಚೌಕಟ್ಟಿನ ಒಡೆತನ ಅದನ್ನು ಬರೆದವನದು. ಕೊಂಡವರು ಬದಲಿಸಿ, ತಮ್ಮ ಆಟವಾಗಿ ಪ್ರಕಟಿಸಬಹುದು, ಮಾರಬಹುದು. ಚೌಕಟ್ಟನ್ನೇ ಬೇರೆಯವರಿಗೆ ಮಾರಬಾರದು. ಇದರಲ್ಲಿ ಸೌಮ್ಯಾ ಯಾವುದನ್ನು ಮೀರಿದಳು ಹೇಳು.

ನಿನಗೆ ನೆನಪಿಲ್ಲದಿದ್ದರೆ ನನಗಿದೆ. ಅಪ್ಪ ಅಂಡಿಗೆಗಳ ಮೇಲೆ ನವಿಲಿನ ಮಾರ್ಕಾ ಹೊಡೆಯುತ್ತಿದ್ದ. ಒಬ್ಬ ದಲಾಲ ತುಂಬಿದ ಮಾರ್ಕೆಟ್ಟಿನಲ್ಲಿ "ಬಸಣ್ಣ ನನ್ನ ನವಿಲು ಕದ್ದಾನ" ಎಂದು ಕೂಗಾಡಿದ. ಅಪ್ಪ ಅವನ ಕೈ ಹಿಡಿದು ಬಡೇಸಾಬನ ತಗಡಿನಂಗಡಿಗೆ ಕರೆದೊಯ್ದ. ಅಲ್ಲಿ ಗೋಡೆ ತುಂಬ ತಗಡಿನಲ್ಲಿ ಕತ್ತರಿಸಿದ ನವಿಲಿನ ಅಚ್ಚುಗಳು, ಯಾರು ಬೇಕಾದರೂ ಕೊಂಡು ಕೆಳಗೆ ತಮ್ಮ ಅಕ್ಷರ ಹಾಕಿಸಿಕೊಳ್ಳಬಹುದು. ದಲಾಲ ತಲೆ ತಗ್ಗಿಸಿ ಹೋದ. ಆದರೆ ಅಪ್ಪನಿಗೆ ನೋವಾದದ್ದು ದಲಾಲನಿಂದಲ್ಲ. ಸ್ವಂತ ತಮ್ಮ, ನಮ್ಮ ಕಾಕಾ, ವಿಚಾರಿಸದೆ "ಹೋಗ್ಲಿ ಅಣ್ಣಾ, ತಪ್ಪಾತಂದು ಮುಗಿಸಿಬಿಡು" ಎಂದಿದ್ದ. ಸಾಯುವ ತನಕ ಅಪ್ಪ ಅವರ ಮನೆಯ ನೀರು ಮುಟ್ಟಲಿಲ್ಲ. ಶಂಭು, ನೀನು ಈಗ ಆ ಕಾಕಾನ ಜಾಗದಲ್ಲಿ ನಿಂತಿದ್ದಿ.

ಹುಡುಗಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಟ್ಟಿದ್ದಾಳೆ. "ಅಪ್ಪ ಹೇಳಿದಂಗ ಬರದಬಿಡ್ಲೇನು ಅತ್ತಿ?" ಎಂದು ಕೇಳುತ್ತಾಳೆ. ತಪ್ಪಾಯಿತೆಂದು ಬರೆದರೆ ಅವಳ ಖಾತೆಯನ್ನು ಕಾಯಂ ಮುಚ್ಚುತ್ತಾರೆ. ಮುಂದೆ ಎಂಥ ಆಟ ಮಾಡಿದರೂ ಅಲ್ಲಿ ಇಡುವಂತಿಲ್ಲ. ಮಾಡದ ತಪ್ಪಿಗೆ ಅವಳು ಸಹಿ ಹಾಕಲು ನಾನು ಬಿಡುವುದಿಲ್ಲ.

ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೋ. ಆ ಶಿವ ನಿನಗೆ ಆಯುಷ್ಯದ ಜೊತೆ ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ನಿನ್ನ ಅಕ್ಕ,
ಮುರಿಗೆವ್ವ

ತಾ.ಕ.: ಅಮೀನಸಾಬ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಆ ಪರವಾನಿಗೆ ಸೌಮ್ಯಾಳ ಹೆಸರಿನಲ್ಲಿಲ್ಲ. ಕೊಂಡವರ ಹೆಸರು ಎಂಬಲ್ಲಿ ಶಂಭುಲಿಂಗ ಬಸಣ್ಣ ಎಂದಿದೆ. ಯಾಕೆಂದು ಕೇಳಿದರೆ, "ಪಾಡ್ಯದ ಖರೀದಿ ಅಪ್ಪನ ಹೆಸರಿಲೇ ಆಗಬೇಕಲ್ಲ ಅತ್ತಿ" ಎಂದಳು. ಅದು ಕಳವಿನ ಮಾಲಾದರೆ ಕಳ್ಳ ನೀನೇ. ಅಲ್ಲವಾದರೆ, ಇದನ್ನು ಮಗಳಿಗಾಗಿ ಕೊಂಡದ್ದು, ನನ್ನ ಒಪ್ಪಿಗೆ ಇದೆ ಎಂದು ನೀನು ಬರೆದುಕೊಡಬೇಕು, ಸ್ಟೋರಿನವರು ಕೇಳಿರುವುದು ಅದನ್ನೇ. ಒಕ್ಕಣೆ ನಾನೇ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಸಹಿ ಇಲ್ಲದೆ ಅಮೀನಸಾಬ ಲಾರಿ ತಿರುಗಿಸುವುದಿಲ್ಲ. ಪೆನ್ನು ಸಿಗಲಿಲ್ಲ ಎನ್ನಬೇಡ, ಅದೂ ಅವನ ಕಿಸೆಯಲ್ಲಿದೆ.