ಪಾರ್ವತೆವ್ವ ಯಾವಾಗ ವಾಪಸ್ ಹೋಗುತ್ತಾರೆಂದು ಕೇಳಿದವರಿಗೆ

ಮಾನ್ಯ ವೀಸಾ ಅಧಿಕಾರಿಗಳೇ,

ವಿಜಾಪುರದ ಪಾರ್ವತೆವ್ವ ಎಂಬ ಅರವತ್ತಾರು ವರ್ಷದ ತಾಯಿಗೆ ಲಂಡನ್ನಿಗೆ ಬರಲು ಅನುಮತಿ ಇಲ್ಲ ಎಂದು ಕಳೆದ ತಿಂಗಳು ನೀವು ಬರೆದಿರಿ. ಅವರ ಮಗಳು ಮೈತ್ರೇಯಿ ಇಲ್ಲಿ ಹೌನ್ಸ್ಲೋದಲ್ಲಿದ್ದಾಳೆ, ಮೂವತ್ತಮೂರು ವರ್ಷ, ರಕ್ತದ ಕ್ಯಾನ್ಸರ್. ನಿಮ್ಮ ನಿರಾಕರಣೆಯ ಪತ್ರದಲ್ಲಿರುವ ಮೊದಲನೆಯ ಕಾರಣ ಸಾಕ್ಷಾತ್ ನಾನು. ನಾನು, ಮತ್ತು ನನ್ನ ಮಾತು ಕೇಳಿ ನಿಮಗೆ ಕಾಗದ ಬರೆದ ನಲವತ್ತು ಮನೆಯವರು. ಆದ್ದರಿಂದ ಈ ಪತ್ರವನ್ನು ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ತಾಪತ್ರದಲ್ಲಿ ಎಲ್ಲರೆದುರು ಬರೆದು, ಒಂದು ಪ್ರತಿಯನ್ನು ನಿಮಗೆ ಅಂಚೆಗೆ ಹಾಕುತ್ತಿದ್ದೇನೆ. ಕನ್ನಡದಲ್ಲೇಕೆ ಎನ್ನುತ್ತೀರಾ? ಇಂಗ್ಲಿಷಿನಲ್ಲಿ ಬರೆದಾಗ ಏನಾಯಿತೆಂದು ನೋಡಿದ್ದೇನೆ. ನಿಮ್ಮಲ್ಲಿ ಅನುವಾದಕರಿದ್ದಾರಂತೆ, ಓದಿಸಿಕೊಳ್ಳಿ.

ಮೈತ್ರೇಯಿಯ ಗಂಡ ಶಶಿಧರ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಶಿಫ್ಟ್ ಕೆಲಸಗಾರ. ಮಗಳು ಸಾನ್ವಿಗೆ ಆರು ವರ್ಷ. ಜೂನ್ ತಿಂಗಳಲ್ಲಿ ಕಾಯಿಲೆ ಗೊತ್ತಾದಾಗ ನಾವೆಲ್ಲ ಸರದಿ ಹಾಕಿಕೊಂಡೆವು. ಸಾನ್ವಿಯನ್ನು ಶಾಲೆಗೆ ಬಿಡುವುದು ಒಬ್ಬರು, ಆಸ್ಪತ್ರೆಗೆ ಕಾರು ಓಡಿಸುವುದು ಒಬ್ಬರು. ಸ್ಟ್ಯಾನ್ಮೋರಿನಿಂದ ವತ್ಸಲಾ ಅವರು ವಾರಕ್ಕೆರಡು ಸಲ ಮೈಸೂರಿನ ತಿಳಿಸಾರು ತರುತ್ತಾರೆ. ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ದಿನಕ್ಕೆ ಸಾವಿರ ಜನರಿಗೆ ಬಡಿಸುವ ನಾನು, ಈ ಒಬ್ಬಳ ಬಾಯಿಗೆ ಹಿಡಿಸುವಂಥ ಒಂದು ಬಟ್ಟಲು ಜೋಳದ ನುಚ್ಚು ಮಾಡಲಾಗದೆ ಸೋತೆ. ಮೊದಲ ತುತ್ತಿಗೇ ಮುಖ ಆ ಕಡೆ ತಿರುಗಿಸಿ, "ಛಲೋ ಆಗೇತ್ರೀ ಅಕ್ಕಾ, ಆದ್ರ ಅವ್ವ ಮಾಡಿದಂಗ ಇಲ್ಲ," ಎಂದಳು. ನಲವತ್ತು ಮನೆಯವರು ಸೇರಿದರೂ ನಮ್ಮಿಂದ ಒಬ್ಬ ತಾಯಿಯಾಗಲು ಆಗಲಿಲ್ಲ.

ಹಾಗಾಗಿ ಆಗಸ್ಟಿನ ಒಂದು ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತೆ. ಪಾರ್ವತೆವ್ವನ ವೀಸಾ ಅರ್ಜಿಯ ಜೊತೆಗೆ ಪ್ರತಿ ಮನೆಯಿಂದ ಒಂದೊಂದು ಬೆಂಬಲದ ಪತ್ರ ಹೋಗಲಿ, ಆಕೆಗೆ ಇಲ್ಲಿ ಯಾರೂ ಇಲ್ಲ ಎನ್ನುವಂತಾಗಬಾರದು ಎಂದೆ. ಜನ ಮನಸ್ಸು ಬಿಚ್ಚಿ ಬರೆದರು. ನಮ್ಮದು ಐದು ಕೋಣೆಯ ಮನೆ, ಆಕೆ ಎಷ್ಟು ವರ್ಷ ಬೇಕಾದರೂ ಇರಲಿ ಎಂದು ಡಾಕ್ಟರ್ ರಾಮಪ್ರಸಾದ್ ಬರೆದರು. ಆಕೆ ನಮಗೂ ತಾಯಿ, ಕೊನೆಯವರೆಗೆ ನೋಡಿಕೊಳ್ಳುತ್ತೇವೆ ಎಂದು ಶೇಖರಪ್ಪನವರು ಬರೆದರು. ನಾನಂತೂ ಎಲ್ಲರನ್ನೂ ಮೀರಿಸಿ, ಒಮ್ಮೆ ಬಂದರೆ ಆಕೆಯನ್ನು ಹೋಗಲು ಬಿಡುವುದೇ ಇಲ್ಲ ಎಂದು ಬರೆದೆ. ಬರೆದು, ಓದಿ, ಹೆಮ್ಮೆಯಿಂದ ಸಹಿ ಹಾಕಿದೆ.

ನೀವು ಅದೇ ವಾಕ್ಯಕ್ಕೆ ಗೆರೆ ಎಳೆದಿರಿ. ಅರ್ಜಿದಾರಳು ಮರಳಿ ಹೋಗುವಳೆಂಬ ನಂಬಿಕೆ ನಮಗಿಲ್ಲ, ಆಕೆಯನ್ನು ಕಳಿಸುವ ಉದ್ದೇಶವಿಲ್ಲವೆಂದು ಆಕೆಯ ಬೆಂಬಲಿಗರೇ ಬರೆದುಕೊಟ್ಟಿದ್ದಾರೆ ಎಂದಿರಿ. ಸ್ವಾಮಿ, ನಮ್ಮ ಧಾರವಾಡದ ಕಡೆ ಬೀಗರನ್ನು ಊಟಕ್ಕೆ ಕರೆಯುವಾಗಲೂ "ಬರ್ರಿ, ಬಂದ್ರ ಎಂಟ ದಿನಾ ಬಿಡಂಗಿಲ್ಲ" ಎಂದೇ ಕರೆಯುತ್ತೇವೆ. ಬೀಗರು ಉಂಡು, ಎಲೆ ಅಡಿಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋಗುತ್ತಾರೆ. ನಿಜವಾಗಿ ಎಂಟು ದಿನ ಉಳಿದರೆ ಮೂರನೆಯ ದಿನಕ್ಕೇ ನಮ್ಮ ಮುಖ ಗಂಟಿಕ್ಕಿಕೊಳ್ಳುತ್ತದೆ. ಇದು ಉಪಚಾರದ ಮಾತು. ನಿಮ್ಮಲ್ಲಿ ಉಪಚಾರವೇ ಇಲ್ಲವೇ? ಆ ನಿರಾಕರಣೆಯ ಕೊನೆಗೆ ನೀವು 'ನಿಮ್ಮ ವಿಶ್ವಾಸಿ' ಎಂದು ಸಹಿ ಮಾಡಿದ್ದೀರಿ. ಅದನ್ನು ನಿಜವೆಂದು ನಂಬಿ ನಾವು ನಿಮ್ಮ ಮೇಲೆ ವಿಶ್ವಾಸದ್ರೋಹದ ದಾವೆ ಹೂಡಿದೆವೇ? ಹೋಗಲಿ, ಲಂಡನ್ನಿನಲ್ಲಿ ನೆಲೆಯೂರುವ ಹಂಬಲ ಆ ತಾಯಿಗೆ ಎಲ್ಲಿಂದ ಬರಬೇಕು? ಅವರು ಊರು ಬಿಟ್ಟು ಬರಲೊಲ್ಲರೆಂದೇ ಸಾನ್ವಿ ಹುಟ್ಟುವಾಗ ಬಾಣಂತನಕ್ಕೆ ಮೈತ್ರೇಯಿ ವಿಜಾಪುರಕ್ಕೆ ಹೋಗಿದ್ದಳು.

ಇಷ್ಟು ವಾದ ಮಾಡಿದರೂ ನನ್ನ ಕರುಳಿಗೆ ಸಮಾಧಾನವಿಲ್ಲ. ನೀವು ಕಲ್ಲುಮನಸ್ಸಿನವರಿರಬಹುದು, ಆದರೆ ಆ ಕಲ್ಲನ್ನು ಕೈಗೆ ಕೊಟ್ಟವಳು ನಾನು. ಸುದ್ದಿ ಹೇಳಲು ಹೋದಾಗ ಮೈತ್ರೇಯಿಯ ಕಾಲು ಹಿಡಿಯಬೇಕೆನಿಸಿತು. ಅವಳು ನನ್ನ ಕೈ ಹಿಡಿದುಕೊಂಡು, "ನೀವು ಪ್ರೀತಿಲೇ ಬರದ್ರಿ, ಬಿಡ್ರಿ," ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ನಿಮ್ಮ ಎರಡನೆಯ ಕಾರಣ, ಅರ್ಜಿದಾರಳು ಮರಳುವ ದಿನಾಂಕ ಹೇಳಲಿಲ್ಲ ಎಂಬುದು. ನಿಮ್ಮ ವೀಸಾ ಕಚೇರಿಯ ಸಂದರ್ಶನದಲ್ಲಿ ನಡೆದದ್ದನ್ನು ಪಾರ್ವತೆವ್ವ ಫೋನಿನಲ್ಲಿ ಅಳುತ್ತಾ ಹೇಳಿದರು. "ಎಂದ ವಾಪಸ್ ಹೋಗ್ತಿ ಅಂತ ಕೇಳಿದ್ರು. ಮಗಳಿಗೆ ಆರಾಮ ಆದ ಮ್ಯಾಲ ಅಂದೆ. ಆರಾಮ ಎಂದ ಆಗ್ತದ, ತಾರೀಖ ಹೇಳು ಅಂದ್ರು. ತಾರೀಖ ನನಗ ಗೊತ್ತಿದ್ರ ನಾ ಯಾಕ ಇಷ್ಟ ಅಳ್ತಿದ್ದೆ, ರಜನಿ? ನಾ ಏನ ಅಲ್ಲಿ ಮನಿ ಕಟ್ತೇನಾ? ಕೂದಲ ಉದುರಿದ ತಲಿ ತೊಡಿ ಮ್ಯಾಲ ಇಟಗೊಂಡ ಒಂದ್ ಸ್ವಲ್ಪ ಕುಂದ್ರತೇನಿ, ಅಷ್ಟ." ಇದಕ್ಕೆ ನಿಮ್ಮ ಅರ್ಜಿಯಲ್ಲಿ ಯಾವ ಖಾನೆ ಇದೆ? ಮೇಲ್ಮನವಿ ಸಲ್ಲಿಸಬಹುದು, ವಿಚಾರಣೆಗೆ ತಿಂಗಳುಗಳು ಬೇಕು ಎಂದು ಸೂಚಿಸಿದ್ದೀರಿ. ಸಂತೋಷ.

ಕಳೆದ ಗುರುವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ಶಶಿಧರನನ್ನೂ ಮೈತ್ರೇಯಿಯನ್ನೂ ಕೂರಿಸಿಕೊಂಡು ಮಾತಾಡಿದರು. ಅವತ್ತು ಕಾರಿನ ಸರದಿ ನನ್ನದಿದ್ದುದರಿಂದ ನಾನೂ ಅಲ್ಲಿದ್ದೆ. ಕೀಮೋ ಫಲ ಕೊಟ್ಟಿಲ್ಲ, ಇನ್ನು ನಿಲ್ಲಿಸುತ್ತೇವೆ, ಆರು ವಾರ, ಹೆಚ್ಚೆಂದರೆ ಎಂಟು ಎಂದರು. ಶಶಿಧರ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಮೈತ್ರೇಯಿ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದಳು: "ಅಕ್ಕಾ, ಅವರು ತಾರೀಖ ಕೇಳಿದ್ರಲ್ಲ, ಈಗ ಸಿಕ್ತು. ಅವ್ವ ಎಂಟ ವಾರದ ಮ್ಯಾಲ ಇಲ್ಲಿ ಇರೂದಿಲ್ಲ ಅಂತ ಬರೀರಿ. ಈ ಸಲ ಕೊಡ್ತಾರೇನ್ರಿ?"

ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಅತ್ತೆ. ಅವಳಿಗೆ ಉತ್ತರ ಕೊಡಬೇಕಾದವರು ನೀವು. ಪಾರ್ವತೆವ್ವನ ಕಡತವನ್ನು ಈ ವಾರವೇ ತೆರೆಯಿರಿ. ಎಂಟು ವಾರದ ವೀಸಾ ಕೊಡಿ, ಒಂದು ದಿನವೂ ಹೆಚ್ಚು ಬೇಡ. ಡಾಕ್ಟರರ ಸಹಿ ಇರುವ ಪತ್ರವನ್ನು ಇದಕ್ಕೆ ಲಗತ್ತಿಸಿದ್ದೇನೆ. ಮರಳುವ ದಿನಾಂಕ ಅದರಲ್ಲಿದೆ.

ಇಂತಿ,
ನಿಮ್ಮ ಉತ್ತರ ಕಾಯುತ್ತ ಕೂರಲು ಪುರುಸೊತ್ತಿಲ್ಲದ
ರಜನಿ
ಫೆಲ್ಥಮ್, ಅಕ್ಟೋಬರ್ 2003